ತರಮಣಿಯ ಕಡತ, ಧಾರವಾಡದ ಬದನೆ

ನಮ್ಮ ದೇಶದ ಬೀಜ, ಬೇರು, ಸೂಕ್ಷ್ಮಜೀವಿಗಳು ಯಾರ ಕೈಗೆ ಹೋಗಬಹುದು ಎಂದು ತೀರ್ಮಾನಿಸುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕಚೇರಿ ಚೆನ್ನೈನ ತರಮಣಿಯಲ್ಲಿದೆ. ಮದ್ರಾಸ್ ವಿಶ್ವವಿದ್ಯಾಲಯದ ಮೂಲ ವೈದ್ಯವಿಜ್ಞಾನ ಸಂಸ್ಥೆ ಇರುವುದೂ ಅದೇ ತರಮಣಿಯಲ್ಲಿ. 2010ರ ಆಗಸ್ಟ್‌ನಲ್ಲಿ ಆ ಸಂಸ್ಥೆಯ ಸಂಶೋಧಕರು ಬ್ರಿಟನ್ನಿನ ಕಾರ್ಡಿಫ್‌ನವರ ಜೊತೆ ಸೇರಿ ಎನ್‌ಡಿಎಂ-1 ಎಂಬ ಜೀನ್ ಕುರಿತ ಪ್ರಬಂಧ ಪ್ರಕಟಿಸಿದರು. ಈ ಜೀನ್ ಇರುವ, ಬಹುತೇಕ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಚೆನ್ನೈನ 44 ಮತ್ತು ಹರಿಯಾಣದ 26 ಮಾದರಿಗಳಲ್ಲಿ ಸಿಕ್ಕಿತ್ತು. ಆಸ್ಪತ್ರೆಗಳಲ್ಲಿ ಅದನ್ನು ತಡೆಯುವುದು ಹೇಗೆ ಎಂಬ ಚರ್ಚೆ ಆಗಬೇಕಿತ್ತು. ಆದರೆ ಆ ಜೀನ್‌ಗೆ ನವದೆಹಲಿಯ ಹೆಸರಿಟ್ಟಿದ್ದೇಕೆ, ಮಾದರಿಗಳು ಯಾರನ್ನು ಕೇಳಿ ಗಡಿ ದಾಟಿದವು ಎಂಬ ಗದ್ದಲವೇ ಹೆಚ್ಚಾಯಿತು.

ಯಾರನ್ನು ಕೇಳಿ ಎಂಬ ಪ್ರಶ್ನೆ ತಪ್ಪಲ್ಲ. ಸಂಶೋಧಕರು ಕೇಳಲು ನಾವು ಎಂಥ ದಾರಿ ಮಾಡಿಕೊಟ್ಟಿದ್ದೇವೆ ಎಂಬುದೇ ನನ್ನ ತಕರಾರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯರು ಇಲ್ಲಿನ ಜೀವಸಂಪನ್ಮೂಲ ಪಡೆಯಲು ಪ್ರಾಧಿಕಾರದ ಪೂರ್ವಾನುಮತಿ ಬೇಕು. ಪಡೆದವರು ಅದನ್ನು ಮತ್ತೊಬ್ಬರಿಗೆ ಕೊಡಬೇಕಾದರೆ ಮತ್ತೊಂದು ಅರ್ಜಿ. 5ನೇ ಕಲಂ ಸಹಯೋಗದ ಯೋಜನೆಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ವಿಜ್ಞಾನ ನಡೆಯುವುದು ಬರೀ ಮಂಜೂರಾದ ಯೋಜನೆಗಳಿಂದಲ್ಲ. ಪ್ರಬಂಧ ಓದಿದ ವಿದ್ಯಾರ್ಥಿನಿಯೊಬ್ಬಳು 'ಆ ತಳಿ ನನಗೂ ಕೊಡಿ, ಪರೀಕ್ಷಿಸಿ ನೋಡುತ್ತೇನೆ' ಎಂದು ಮೇಲ್ ಬರೆಯುತ್ತಾಳೆ. ಕೆಲಸ ಹುಟ್ಟುವುದು ಅಲ್ಲಿ. ಇಂಥ ನಿಯಮಗಳು ಸಂಶೋಧನೆಯ ಕುತ್ತಿಗೆ ಹಿಸುಕುತ್ತಿವೆ ಎಂದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಬರೆದಾಗ 35 ದೇಶಗಳ 170ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು.

ಎಲ್ಲ ತಪ್ಪನ್ನೂ ಪ್ರಾಧಿಕಾರದ ತಲೆಗೆ ಕಟ್ಟುವುದೂ ಸರಿಯಲ್ಲ. ಚೆನ್ನೈನ ಪ್ರಯೋಗಾಲಯ ಬೆಂಗಳೂರಿನ ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಒಂದು ತಳಿ ಕಳಿಸಲು ಈ ಕಾಯ್ದೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಸಂಸ್ಥೆಗಳ ಕಾನೂನು ವಿಭಾಗ. ಕಳಿಸಬೇಕಾದ್ದು ಎಷ್ಟು ಪುಟ್ಟ ವಸ್ತು, ನೋಡಿ. ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಯ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟು, ಒಣಗಿಸಿ, ಸುತ್ತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಸಾದಾ ಲಕೋಟೆಯಲ್ಲಿ ಅಂಚೆಗೆ ಹಾಕಿದರೆ ಸಾಕು. ಪಡೆದವರು ಆ ವೃತ್ತವನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ, ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಬೇಕಾದಷ್ಟು ಬೆಳೆಯುತ್ತದೆ. ಈ ಲಕೋಟೆಯ ಜೊತೆ ಹೋಗುವ ಸಾಮಗ್ರಿ ವರ್ಗಾವಣೆ ಒಪ್ಪಂದ (ಎಂಟಿಎ) ಮಾತ್ರ ಪುಟಗಟ್ಟಲೆ ಇರುತ್ತದೆ. ಅಮೆರಿಕದಲ್ಲಿ 1995ರಲ್ಲಿ ರೂಪುಗೊಂಡ ಏಕರೂಪ ಒಪ್ಪಂದ ಕೂಡ ಪಡೆದವರು ಮೂರನೆಯವರಿಗೆ ಕೊಡುವಂತಿಲ್ಲ, ಬೋಧನೆ ಮತ್ತು ಸಂಶೋಧನೆಗೆ ಮಾತ್ರ ಬಳಸಬೇಕು ಎಂದೇ ಹೇಳುತ್ತದೆ. ಪಕ್ಕದ ಮೇಜಿನ ಗೆಳೆಯನ ಗುಂಪು ಬೇರೆಯಾಗಿದ್ದರೆ ಅವನಿಗೂ ಕೊಡುವ ಹಾಗಿಲ್ಲ.

2018ರಲ್ಲಿ ಬಯೋಬ್ರಿಕ್ಸ್ ಫೌಂಡೇಶನ್ ಮತ್ತು ಬ್ರಿಟನ್ನಿನ ಓಪನ್‌ಪ್ಲಾಂಟ್ ಸೇರಿ ಮುಂದಿಟ್ಟ ಓಪನ್ ಎಂಟಿಎ ಈ ಬೇಲಿಯನ್ನು ಕಿತ್ತಿತು. ಪಡೆದವರು ಹಂಚಬಹುದು, ಮಾರ್ಪಡಿಸಬಹುದು, ಉದ್ಯಮಕ್ಕೂ ಬಳಸಬಹುದು. ಕೊಟ್ಟವರು ಬಯಸಿದರೆ ಅವರ ಹೆಸರು ಹೇಳಬೇಕು, ವಸ್ತುವನ್ನು ಸುರಕ್ಷಿತವಾಗಿ ನಿಭಾಯಿಸಬೇಕು. ಸರ್ಕಾರಿ ಹಣದಿಂದ ಪ್ರಯೋಗಾಲಯದಲ್ಲೇ ಕಟ್ಟಿದ ಪ್ಲಾಸ್ಮಿಡ್‌ಗಳನ್ನು ನಮ್ಮ ಸಂಸ್ಥೆಗಳು ಇಂಥ ಒಪ್ಪಂದದಡಿ ಇಂದೇ ಬಿಟ್ಟುಕೊಡಬಹುದು. ಆ ಹಣ ಜನರದು. ಅದರ ಫಲವನ್ನು ಫ್ರೀಜರ್‌ನಲ್ಲಿಟ್ಟು ಬೀಗ ಹಾಕುವ ಹಕ್ಕು ಯಾರಿಗಿದೆ?

'ಹಾಗಾದರೆ ಧಾರವಾಡ?' ಎಂದು ಕೇಳುವವರಿದ್ದಾರೆ. ಕೇಳಲೇಬೇಕು. 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೋ ಕಂಪನಿ ಮತ್ತು ಹೈದರಾಬಾದಿನ ಸದ್ಗುರು ಕನ್ಸಲ್ಟೆಂಟ್ಸ್ ಜೊತೆ ಬಿಟಿ ಬದನೆಯ ಒಪ್ಪಂದಕ್ಕೆ ಸಹಿ ಹಾಕಿತು. ಮಟ್ಟು ಗುಳ್ಳದ ಸೀಮೆಯಾದ ಉಡುಪಿಯ ತಳಿಯೂ ಸೇರಿ ಕರ್ನಾಟಕದ ಹಲವು ಬದನೆಗಳಿಗೆ ಕಂಪನಿಯ ಜೀನ್ ಸೇರಿಸುವ ಕೆಲಸ ನಡೆಯಿತು. ಸ್ಥಳೀಯ ಜೀವವೈವಿಧ್ಯ ಸಮಿತಿಗಳನ್ನಾಗಲಿ ರಾಜ್ಯ ಜೀವವೈವಿಧ್ಯ ಮಂಡಳಿಯನ್ನಾಗಲಿ ಕೇಳಿಲ್ಲ ಎಂದು 2010ರಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. ಮರುವರ್ಷ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ಅಂದು ದೂರು ಕೊಟ್ಟವರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಮುಕ್ತ ಹಂಚಿಕೆಯ ಪರ ಇರುವ ನಾನು ಅವರ ಪರವೂ ಇದ್ದೇನೆ. ತಲೆಮಾರುಗಳಿಂದ ರೈತರು ಆರಿಸಿ ಉಳಿಸಿದ ಬೀಜವನ್ನು ಮುಕ್ತಗೊಳಿಸುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಇಲ್ಲ. ತನ್ನದಲ್ಲದ್ದನ್ನು ದಾನ ಮಾಡಲು ಯಾವ ಒಪ್ಪಂದವೂ ಅವಕಾಶ ಕೊಡಬಾರದು.

ಆದರೆ ಬದನೆಗೆ ಬೇಕಾದ ಕಾವಲನ್ನು ಪ್ಲಾಸ್ಮಿಡ್‌ಗೂ ಹಾಕುವುದು, ಕಂಪನಿಯನ್ನೂ ವಿದ್ಯಾರ್ಥಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಜೈಲು ಶಿಕ್ಷೆ ತೆಗೆದು 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು, ಆಯುಷ್ ವೈದ್ಯರಿಗೆ ರಿಯಾಯಿತಿ ಕೊಟ್ಟಿತು. ಸಂಶೋಧನೆಗೆ ವೇಗ ಕೊಡುವುದೂ ಅದರ ಉದ್ದೇಶವೆಂದು ಹೇಳಲಾಗಿತ್ತು. ಪ್ರಯೋಗಾಲಯಗಳು ಕಣ್ಣುಮುಚ್ಚಿ ಸಹಿ ಹಾಕಬಹುದಾದ ಒಂದು ಸರಳ ಒಪ್ಪಂದ ಮಾತ್ರ ಆ ಕಾಯ್ದೆಯಲ್ಲಿ ಇಲ್ಲ.

ಅದನ್ನು ಪ್ರಾಧಿಕಾರವೇ ಬರೆಯಲಿ, ಎರಡು ಪುಟ ಮೀರದಂತೆ. ಮಾದರಿ ಎಲ್ಲಿಂದ ಬಂತು, ಯಾವ ಸಮುದಾಯದ್ದು ಎಂಬ ವಿವರ ಅದು ಹೋದಲ್ಲೆಲ್ಲ ಹೋಗಬೇಕು. ಸಂಶೋಧನೆಗೆ ಮುಂದಿನವರಿಗೆ ಕೊಡಲು ಮತ್ತೆ ಅರ್ಜಿ ಬೇಡ, ಆನ್‌ಲೈನ್‌ನಲ್ಲಿ ನೋಂದಾಯಿಸಿದರೆ ಸಾಕು. ರೈತರ ತಳಿಯಾದರೆ ಮೊದಲು ಊರಿನ ಸಮಿತಿಯ ಒಪ್ಪಿಗೆ. ಪೇಟೆಂಟ್ ಅಥವಾ ಮಾರಾಟದ ಮಾತು ಬಂದ ದಿನ ತರಮಣಿಗೆ ಬಂದು ಲಾಭದ ಪಾಲು ತೀರ್ಮಾನಿಸಿಕೊಳ್ಳಬೇಕು. ಇಷ್ಟನ್ನು ಚಂಡೀಗಢದ ಎಂಟಿಸಿಸಿಯಂಥ ಸರ್ಕಾರಿ ಸೂಕ್ಷ್ಮಜೀವಿ ಸಂಗ್ರಹಗಳಿಂದಲೇ ಶುರುಮಾಡಬಹುದು. ಅದಕ್ಕೆ ಸಂಸತ್ತಿನ ಮುಂದೆ ಹೋಗಿ ಹೊಸ ಕಾಯ್ದೆ ತರುವವರೆಗೆ ಕಾಯಬೇಕಿಲ್ಲ.