ಅಂಕಗಳ ತಕ್ಕಡಿಯಲ್ಲಿ ಅನುಕಂಪ

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಸಭಾಂಗಣದಲ್ಲಿ ನೀಟ್ ಆಕಾಂಕ್ಷಿಗಳಿಗಾಗಿ ಒಂದು ಉಪನ್ಯಾಸ ಏರ್ಪಟ್ಟಿತ್ತು. ಭಾವನಾತ್ಮಕ ಬುದ್ಧಿಮತ್ತೆ ಹೆಚ್ಚಿದಂತೆ ಅಂಕಗಳೂ ಹೆಚ್ಚುತ್ತವೆಂದು ಉಪನ್ಯಾಸಕರು ಸಾರಿದಾಗ ತಂದೆತಾಯಂದಿರು ಶ್ರದ್ಧೆಯಿಂದ ಬರೆದುಕೊಂಡರು. ಪರರ ನೋವನ್ನರಿಯುವ ಶಕ್ತಿಯೂ ಭೌತಶಾಸ್ತ್ರದ ಸೂತ್ರದಂತೆ ಅಂಕಗಳಿಕೆಯ ಉಪಕರಣವಾಗಬೇಕೆಂಬ ಈ ಹಂಬಲವನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

1990 ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಈ ಪರಿಕಲ್ಪನೆಯನ್ನು ಮಂಡಿಸಿದಾಗ, ತನ್ನ ಹಾಗೂ ಇತರರ ಭಾವನೆಗಳನ್ನು ಗುರುತಿಸಿ, ವಿವೇಚಿಸಿ, ಆ ಅರಿವನ್ನು ಆಲೋಚನೆಗೂ ನಡೆಗೂ ಬಳಸುವ ಸಾಮರ್ಥ್ಯವೆಂದು ಅದನ್ನು ವಿವರಿಸಿದ್ದರು. 1995 ರಲ್ಲಿ ಡೇನಿಯಲ್ ಗೋಲ್ಮನ್ನರ ಪುಸ್ತಕ ಬಂದ ಮೇಲೆ ಅದು ಯಶಸ್ಸಿನ ಮಂತ್ರವಾಗಿ ಮಾರುಕಟ್ಟೆಗಿಳಿಯಿತು. ವೈದ್ಯವಿದ್ಯಾರ್ಥಿಗಳ ಮಟ್ಟಿಗೆ ಈ ಮಂತ್ರದ ಫಲ ಸೀಮಿತ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತದ ಪ್ರವೇಶ ಪರೀಕ್ಷೆಯಲ್ಲಿ ವೈದ್ಯ ಮತ್ತು ರೋಗಿಯ ನಡುವಣ ಪ್ರಸಂಗಗಳನ್ನು ತೆರೆಯ ಮೇಲೆ ತೋರಿಸಿ, ಇಲ್ಲಿ ಏನು ಮಾಡುವುದು ಉಚಿತವೆಂದು ಕೇಳುತ್ತಿದ್ದರು. ಅದರಲ್ಲಿ ಹೆಚ್ಚು ಅಂಕ ಗಳಿಸಿದವರು ರೋಗಿಯೊಡನೆ ಒಡನಾಡುವ ಪಾಠಗಳಲ್ಲಿ ಮುಂದಾದರು; ಉಳಿದ ಶಾಸ್ತ್ರವಿಷಯಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲವೆಂದು ಫಿಲಿಪ್ ಲೀವೆನ್ಸ್ ಮತ್ತು ಸಂಗಡಿಗರು 2005 ರಲ್ಲಿ ಪ್ರಕಟಿಸಿದರು. ಅಂಕಪಟ್ಟಿಯಲ್ಲಿ ಕಾಣದ ಗುಣವನ್ನು ಅಂಕಪಟ್ಟಿಗಾಗಿಯೇ ಬೆಳೆಸಹೊರಟರೆ ಗತಿಯೇನು?

ನಮ್ಮಲ್ಲಂತೂ ಆ ಪ್ರಶ್ನೆಯೇ ಏಳುವುದಿಲ್ಲ. 2025 ರ ನೀಟ್‌ನಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳು, 720 ಅಂಕಗಳು. 2019 ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮಕ್ಕೆ ಮನೋಭಾವ, ನೀತಿ, ಸಂವಹನಗಳ ಪಾಠವನ್ನು ಸೇರಿಸಿದ್ದು ಸ್ತುತ್ಯವೇ. ಆದರೆ ನಾನು ಬಲ್ಲ ಕೆಲವು ವಿದ್ಯಾರ್ಥಿಗಳು ಹೇಳುವಂತೆ ಅದರ ದಾಖಲೆ ಪುಸ್ತಕಕ್ಕೆ ವರ್ಷಾಂತ್ಯದಲ್ಲಿ ಎಲ್ಲ ಸಹಿಗಳೂ ಒಟ್ಟಿಗೇ ಬೀಳುತ್ತವೆ. (ಸರಕಾರಿ ಕಡತಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಇದರಿಂದ ಅಚ್ಚರಿಯಾಗಲಿಲ್ಲ.) 2024 ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ ಸಮೀಕ್ಷೆಗೆ ಉತ್ತರಿಸಿದ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ ಶೇಕಡಾ 27.8 ಮಂದಿ ತಮಗೆ ಮಾನಸಿಕ ಕಾಯಿಲೆಯಿರುವುದು ಪತ್ತೆಯಾಗಿದೆ ಎಂದರು. ಇಂಥವರಿಗೆ ಭಾವನೆಗಳನ್ನು ನಿಭಾಯಿಸುವ ಉಪದೇಶ ಮಾಡುವುದೆಂದರೆ, ನಿದ್ದೆಗೆಡಿಸಿದವರನ್ನು ಬಿಟ್ಟು ನಿದ್ದೆಗೆಟ್ಟವನನ್ನು ಗದರಿದಂತೆ.

ವ್ಯವಸ್ಥೆಯನ್ನು ದೂರಿ ನಾವು ಹೊರನಾಡಿಗರು ಜಾರಿಕೊಳ್ಳುವಂತಿಲ್ಲ. ಕೆಲವು ವರ್ಷಗಳ ಹಿಂದೆ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವಿಜಯಪುರದ ಕಡೆಯ, ಕಟ್ಟಡದ ಕೆಲಸ ಮಾಡುವ ಹೆಂಗಸೊಬ್ಬಳು ‘ಎದಿಯಾಗ ಸಂಕಟ ಆಗಾಕತ್ತೈತ್ರೀ’ ಎನ್ನುತ್ತಿದ್ದಳು. ಎದುರಿಗಿದ್ದ ತರುಣ ವಿದ್ಯಾರ್ಥಿಗೆ ತಿಳಿದದ್ದು ಒಂದೇ ಪದ, ಅದೂ ಹಿಂದಿ, ಮರಾಠಿಗಳ ‘ಸಂಕಟ್’: ಆಪತ್ತು, ವಿಪತ್ತು. ಮನೆಯಲ್ಲೇನು ತೊಂದರೆ, ಗಂಡ ಹೊಡೆಯುತ್ತಾನೆಯೇ ಎಂದು ಆತ ಹಿಂದಿಯಲ್ಲಿ ಬಹಳ ಮರುಕದಿಂದ ವಿಚಾರಿಸುತ್ತಿದ್ದ. ಆಕೆ ಎದೆ ಒತ್ತಿಕೊಂಡು ಅದನ್ನೇ ಮತ್ತೆ ಹೇಳುತ್ತಿದ್ದಳು. ಪಕ್ಕದ ಹಾಸಿಗೆಯ ಬಂಧುವನ್ನು ನೋಡಲು ಹೋಗಿದ್ದ ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ಇ.ಸಿ.ಜಿ. ತೆಗೆಸಲು ಓಡಿದ. ಕನಿಕರಕ್ಕೇನೂ ಆತನಲ್ಲಿ ಕೊರತೆಯಿರಲಿಲ್ಲ. ಆಮೇಲೆ ಹೆಸರು ಕೇಳಿದೆ. ಕನ್ನಡದ ಮನೆತನದ ಹುಡುಗ! ಅಜ್ಜಿ ತೀರಿದ ಮೇಲೆ ಮನೆಯಲ್ಲಿ ಕನ್ನಡ ನಿಂತಿತಂತೆ. ಸಂಘದ ಕನ್ನಡ ತರಗತಿಯನ್ನು ಕೋಚಿಂಗ್‌ಗಾಗಿ ಎಂಟನೆಯ ಇಯತ್ತೆಯಲ್ಲೇ ಬಿಡಿಸಿದ್ದರಂತೆ.

ಬಿಡಿಸಿದವರು ನಾವು, ನಮ್ಮಂಥವರು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಈಗ ಹತ್ತನೆಯ ಇಯತ್ತೆಯ ಒಂದು ಮಗುವೂ ಬರುವುದಿಲ್ಲ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡು, ಗಡಿನಾಡು ಅಭ್ಯರ್ಥಿಗಳಿಗೆ ನಡೆಸುವ ಕನ್ನಡ ಭಾಷಾ ಪರೀಕ್ಷೆಯ ದಿನ ಸಮೀಪಿಸಿದಾಗ ಮಾತ್ರ ಕಾರ್ಯದರ್ಶಿಗಳ ದೂರವಾಣಿಗೆ ಬಿಡುವಿರುವುದಿಲ್ಲ: ಹದಿನೈದು ದಿನಗಳಲ್ಲಿ ಹುಡುಗನಿಗೆ ಕನ್ನಡ ಕಲಿಸಿಕೊಡುವಿರಾ?