ಜರುಗುವ ಗೆರೆಗಳ ಹದಿನೈದು ವರ್ಷ

ಸೂರ್ಯನಾಚೆಯ ಗ್ರಹವೊಂದರ ಗಾಳಿಯ ವೇಗವನ್ನು ನೆಲದ ಮೇಲಿನ ದೂರದರ್ಶಕದಿಂದಲೇ ಅಳೆಯಲು ಹೊರಟ ಇಗ್ನಾಸ್ ಸ್ನೆಲೆನ್ ಮತ್ತು ಸಂಗಡಿಗರ ಪ್ರಬಂಧ ‘ನೇಚರ್’ನಲ್ಲಿ ಬಂದದ್ದು 2010ರಲ್ಲಿ. ಆಮೇಲಿನ ಹದಿನೈದು ವರ್ಷಗಳಲ್ಲಿ, ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ‘ಬಿಸಿ ಗುರು’ಗಳಲ್ಲಿ ಪತ್ತೆಯಾದವೆಂದು ಸಾರಲಾದ ಅನಿಲ, ಲೋಹಗಳ ಪಟ್ಟಿ ಬೆಳೆಯುತ್ತಲೇ ಇದೆ. ಪಟ್ಟಿಯ ಉದ್ದ ಇರಲಿ; ಅದರಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಎಂದು ಕೇರಿ ನೋಡುವ ಹೊತ್ತು ಇದು.

ವಿಧಾನದ ಬಲವಿರುವುದು ಗ್ರಹದ ಓಟದಲ್ಲಿ. ಸ್ನೆಲೆನ್ ತಂಡ ನೋಡಿದ ಎಚ್‌ಡಿ 209458 ಬಿ ಗ್ರಹಕ್ಕೆ ಒಂದು ವರ್ಷವೆಂದರೆ ಮೂರೂವರೆ ದಿನ. ಅದರ ವೇಗ ಸೆಕೆಂಡಿಗೆ 140 ಕಿ.ಮೀ. ನಕ್ಷತ್ರದ ಮುಂದೆ ಹಾದುಹೋಗುವ ಮೂರು ಗಂಟೆಗಳಲ್ಲಿ ಅದು ಮೊದಲು ಸೆಕೆಂಡಿಗೆ 15 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದ್ದು, ಕೊನೆಗೆ ಅಷ್ಟೇ ವೇಗದಲ್ಲಿ ದೂರ ಸರಿಯುತ್ತಿರುತ್ತದೆ. ರೋಹಿತದಲ್ಲಿ ಅದರ ಗೆರೆಗಳು ಅದಕ್ಕೆ ತಕ್ಕಂತೆ ಜರುಗುತ್ತವೆ. ಭೂಮಿಯ ವಾತಾವರಣ ಮೂಡಿಸುವ ಗೆರೆಗಳು ಇದ್ದಲ್ಲೇ ಇರುತ್ತವೆ, ನಕ್ಷತ್ರದವೂ ಹೆಚ್ಚುಕಡಿಮೆ ಹಾಗೆಯೇ. ನಿಂತದ್ದನ್ನೆಲ್ಲ ಅಳಿಸಿದರೆ ಉಳಿಯುವುದು ಗದ್ದಲ. ಅದರೊಳಗೆ ಹುದುಗಿದ ಹತ್ತಾರು ಕ್ಷೀಣ ಗೆರೆಗಳನ್ನು ಮೊದಲೇ ಲೆಕ್ಕಹಾಕಿಟ್ಟ ಪಟ್ಟಿಯೊಂದಿಗೆ ತಾಳೆ ನೋಡಿ ಕೂಡಿಸಿದರೆ ಅನಿಲದ ಗುರುತು ಸಿಗುತ್ತದೆ. ಸ್ನೆಲೆನ್ ತಂಡಕ್ಕೆ ಹಾಗೆ ಸಿಕ್ಕಿದ್ದು ಕಾರ್ಬನ್ ಮಾನಾಕ್ಸೈಡ್. ಚಿಲಿಯ ಪರಾನಾಲ್‌ನಲ್ಲಿರುವ 8.2 ಮೀಟರ್ ದೂರದರ್ಶಕದ ಕ್ರೈರೆಸ್ ರೋಹಿತದರ್ಶಕ ಸೆಕೆಂಡಿಗೆ ಮೂರು ಕಿ.ಮೀ.ನಷ್ಟು ಸಣ್ಣ ವೇಗವ್ಯತ್ಯಾಸವನ್ನೂ ಬಿಡಿಸಿ ತೋರಿಸುವಷ್ಟು ಸೂಕ್ಷ್ಮವಾಗಿತ್ತು.

ಆ ಗೆರೆಗಳು ಎಣಿಸಿದ್ದಕ್ಕಿಂತ ಸೆಕೆಂಡಿಗೆ ಸುಮಾರು 2 ಕಿ.ಮೀ. ವೇಗದಷ್ಟು ನೀಲಿಯತ್ತ ವಾಲಿದ್ದವು. ಹಗಲಿನ ಬದಿಯಿಂದ ಇರುಳಿನ ಬದಿಗೆ ಗಾಳಿ ಬೀಸುತ್ತಿರಬಹುದು ಎಂದು ಲೇಖಕರು ಎಚ್ಚರದಿಂದ ಬರೆದರು. ಅಳತೆಯ ಅನಿಶ್ಚಿತತೆಯೇ 1 ಕಿ.ಮೀ. ಇತ್ತು. ವೀಕ್ಷಣಾಲಯದ ಪ್ರಕಟಣೆ ಮಾತ್ರ ‘ಮಹಾ ಬಿರುಗಾಳಿ’ ಎಂದು ಸಾರಿತು. (ಗೆರೆಯ ವಾಲಿಕೆಯಿಂದ ಅನಿಲದ ಹರಿವನ್ನು ಓದುವ ಕಲೆ ನಮ್ಮ ದಕ್ಷಿಣಕ್ಕೆ ಹೊಸದಲ್ಲ. ಸೌರಕಲೆಗಳಲ್ಲಿ ಅಂಥ ಹರಿವನ್ನು 1909ರಲ್ಲಿ ಜಾನ್ ಎವರ್‌ಶೆಡ್ ಕಂಡದ್ದು ಕೊಡೈಕೆನಾಲ್‌ನಲ್ಲಿ. ಆ ವೀಕ್ಷಣಾಲಯವನ್ನು ಈಗ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.)

ವೇಗದ ಲೆಕ್ಕಗಳು ಬಾಳಿವೆ. ಟೌ ಬೂಟಿಸ್ ಬಿ ಗ್ರಹ ನಮ್ಮ ಕಣ್ಣಿಗೆ ತನ್ನ ನಕ್ಷತ್ರವನ್ನು ಅಡ್ಡಹಾಯುವುದಿಲ್ಲ. ಹಾಗಾಗಿ 1996ರಿಂದ ಅದರ ಕನಿಷ್ಠ ತೂಕವಷ್ಟೇ ಗೊತ್ತಿತ್ತು. 2012ರಲ್ಲಿ ಮ್ಯಾಟಿಯೊ ಬ್ರೋಗಿ ತಂಡ ಗ್ರಹದ ಗೆರೆಗಳನ್ನೇ ಹಿಂಬಾಲಿಸಿ, ಅದು ಗುರುವಿನ ಸುಮಾರು ಆರು ಪಟ್ಟು ಎಂದು ಹೇಳಿತು. 2018ರಲ್ಲಿ 4000 ಕೆಲ್ವಿನ್ ಮೀರಿದ ಕೆಲ್ಟ್-9 ಬಿಯಲ್ಲಿ ಕಬ್ಬಿಣ, ಟೈಟಾನಿಯಂಗಳ ಆವಿ ಸಿಕ್ಕಿತು. ಅದೂ ಗಟ್ಟಿ ಕಾಳೇ.

ಆದರೆ ‘ಕಬ್ಬಿಣದ ಮಳೆ’? 2020ರಲ್ಲಿ ಡೇವಿಡ್ ಎರೆನ್‌ರೈಕ್ ತಂಡ ವಾಸ್ಪ್-76 ಬಿಯ ಸಂಜೆಯ ಅಂಚಿನಲ್ಲಿ ಕಬ್ಬಿಣದ ಆವಿಯನ್ನು ಕಂಡಿತು, ಬೆಳಗಿನ ಅಂಚಿನಲ್ಲಿ ಕಾಣಲಿಲ್ಲ. ಇರುಳಿನ ಬದಿಯಲ್ಲಿ ಅದು ಹನಿಗಟ್ಟಿ ಬಿದ್ದಿರಬೇಕು ಎಂಬುದು ಊಹೆ. ವೀಕ್ಷಣೆಯನ್ನು ಮರುವರ್ಷವೇ ಬೇರೆ ಉಪಕರಣದ ದತ್ತಾಂಶ ದೃಢಪಡಿಸಿತು. ಊಹೆಗೆ ಪ್ರತಿಸ್ಪರ್ಧಿಗಳು ಹುಟ್ಟಿದರು: ಎರಡು ಅಂಚುಗಳ ನಡುವಿನ ಉಷ್ಣತೆಯ ಅಂತರ ಸಾಕು ಎಂದರು ಕೆಲವರು, ಮೋಡ ಸಾಕು ಎಂದರು ಇನ್ನು ಕೆಲವರು. ಜನರ ನೆನಪಿನಲ್ಲಿ ಉಳಿದದ್ದು ಮಳೆ ಮಾತ್ರ.

ಹೆಚ್ಚು ಸವೆದಿರುವುದು ಎಚ್‌ಡಿ 209458 ಬಿಯ ಕಡತವೇ. ನೆಲದ ದೂರದರ್ಶಕಗಳಿಗೆ 2008ರಿಂದ ಕಂಡಿದ್ದ ಸೋಡಿಯಂ, ಎಸ್ಪ್ರೆಸ್ಸೊ ಉಪಕರಣದ ಹರಿತ ನೋಟದಲ್ಲಿ ಕರಗಿತು. ಗ್ರಹವು ತಿರುಗುವ ನಕ್ಷತ್ರದ ಒಂದೊಂದು ಭಾಗವನ್ನು ಮರೆಮಾಡುತ್ತ ಸಾಗುವಾಗ ನಕ್ಷತ್ರದ ಗೆರೆಯೇ ಸೊಟ್ಟಗಾಗಿ, ಸೋಡಿಯಂನ ಭ್ರಮೆ ಹುಟ್ಟಿಸಬಲ್ಲದು. 2021ರಲ್ಲಿ ಅದೇ ಗ್ರಹದಲ್ಲಿ ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್ ಸಯನೈಡ್, ಅಸಿಟಿಲೀನ್ ಸೇರಿ ಆರು ಅಣುಗಳೆಂದು ‘ನೇಚರ್’ನಲ್ಲೇ ಪ್ರಕಟವಾಯಿತು. 2024ರಲ್ಲಿ ಜೇಮ್ಸ್ ವೆಬ್ ದತ್ತಾಂಶ ನೀರನ್ನು ಒಪ್ಪಿತು. ಮೀಥೇನ್, ಸಯನೈಡ್, ಅಸಿಟಿಲೀನ್‌ಗಳಿಗೆ ಪುರಾವೆ ಕೊಡಲಿಲ್ಲ. ವಾಸ್ಪ್-33 ಬಿಯ ಟೈಟಾನಿಯಂ ಆಕ್ಸೈಡ್ 2017ರಲ್ಲಿ ಕಂಡಿತು, 2020ರಲ್ಲಿ ಇನ್ನೊಂದು ತಂಡಕ್ಕೆ ಕಾಣಲಿಲ್ಲ, 2021ರಲ್ಲಿ ಮತ್ತೊಂದಕ್ಕೆ ಮತ್ತೆ ಕಂಡಿತು.

ಈ ಕೊನೆಯ ಗೊಂದಲದಲ್ಲಿ ತಾಳೆ ನೋಡುವ ಪಟ್ಟಿಯ ಪಾಲೂ ಇದೆ. ಟೈಟಾನಿಯಂ ಆಕ್ಸೈಡ್‌ನ ಆಗಿನ ಪಟ್ಟಿಯಲ್ಲಿ ಕೆಲವು ತರಂಗಾಂತರಗಳೇ ತಪ್ಪಿದ್ದವೆಂದು 2015ರಲ್ಲೇ ತಿಳಿದಿತ್ತು. ಹೊಸ ಪಟ್ಟಿ ಲಂಡನ್ ಯೂನಿವರ್ಸಿಟಿ ಕಾಲೇಜಿನ ಎಕ್ಸೊಮೋಲ್ ಯೋಜನೆಯಿಂದ ಬಂದದ್ದು 2019ರಲ್ಲಿ. ಕೋಟಿಗಟ್ಟಲೆ ಗೆರೆಗಳನ್ನು ಲೆಕ್ಕಹಾಕುವ ಇವರಿಗೆ ಮುಖಪುಟದ ಭಾಗ್ಯವಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಹದಿನೈದು ವರ್ಷದ ದೊಡ್ಡ ಋಣ ಅವರದೇ.

ಮುಂದೆ ಬರುವುದು 39 ಮೀಟರ್ ಕನ್ನಡಿಯ ಯೂರೋಪಿನ ದೈತ್ಯ ದೂರದರ್ಶಕ. ಅದಕ್ಕೆ ಜೋಡಿಸಲಿರುವ ಆಂಡಿಸ್ ಉಪಕರಣದಿಂದ ಸಣ್ಣ ಕಲ್ಲುಗ್ರಹಗಳ ವಾಯುಮಂಡಲಕ್ಕೂ ಇದೇ ವಿಧಾನದಲ್ಲಿ ಕೈಹಾಕುವ ಆಸೆಯಿದೆ. ಅಲ್ಲಿ ಆಮ್ಲಜನಕ ಸಿಕ್ಕಿತೆಂದು ಯಾರಾದರೂ ಸಾರುವ ಮುನ್ನ, ಅದೇ ರಾತ್ರಿಯ ದತ್ತಾಂಶವನ್ನು ಇನ್ನೊಂದು ತಂಡ ತನ್ನದೇ ಪಟ್ಟಿ, ತನ್ನದೇ ಲೆಕ್ಕದಿಂದ ಒರೆಗೆ ಹಚ್ಚಿರಬೇಕು. ಕಾಣದಿದ್ದರೆ ಆ ಫಲಿತಾಂಶವೂ ಅದೇ ಸಂಚಿಕೆಯಲ್ಲಿ ಅಚ್ಚಾಗಬೇಕು.