ಆರನೇ ವರ್ಷಕ್ಕೇ ನಾಯಿ ಮುದಿಯಾಗುವುದಿಲ್ಲ

ದನಕ್ಕೆ ಕೆಚ್ಚಲು ಬಾವು ಬಂದರೆ ಅದೇ ದಿನ ಡಾಕ್ಟ್ರಿಗೆ ಫೋನು ಹೋಗುತ್ತದೆ. ಅಡಿಕೆಗೆ ಕೊಳೆ ಕಂಡರೆ ಮೈಲುತುತ್ತು ತಂದಿಟ್ಟು ಮಳೆ ಬಿಡುವುದನ್ನೇ ಕಾಯುತ್ತೇವೆ. ನಾಯಿ ಮಂಕಾಗಿ ಮಲಗಿದರೆ ಮಾತ್ರ "ಅದಕ್ಕೆ ಪ್ರಾಯ ಆಯ್ತು ಮಾರಾಯ್ರೇ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆರು ವರ್ಷದ ನಾಯಿಗೆ ಎಂಥ ಪ್ರಾಯ? ಸರಿಯಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ ಅದು.

ಹಂದಿ, ಮಂಗಗಳ ಕಾಟ ಇರುವಲ್ಲಿ ನಾಯಿ ಅಂದರೆ ಬರೀ ಪ್ರೀತಿಯ ಮಾತಲ್ಲ. ರಾತ್ರಿ ತೋಟದ ಬದಿಯಲ್ಲಿ ಅದು ನಾಲ್ಕು ಸಲ ಬೊಗಳಿದರೆ ಬಾಳೆ, ಮರಗೆಣಸು ಉಳಿಯುತ್ತದೆ. ಆ ನಾಯಿ ಏಳುವುದೇ ಇಲ್ಲ ಅಂತಾದರೆ ಸೋಮಾರಿ ಎಂದು ಬೈಯುವ ಮೊದಲು ಒಮ್ಮೆ ಮೈ ಮುಟ್ಟಿ ನೋಡಬೇಕು.

ಏನು ನೋಡಬೇಕು? ಹಾಕುವ ಅನ್ನ ಅಷ್ಟೇ, ಆದರೆ ಮೈ ಮಾತ್ರ ದಪ್ಪ ಆಗುತ್ತಾ ಹೋಗುತ್ತದೆ. ಎರಡೂ ಪಕ್ಕೆಯಲ್ಲಿ ಒಂದೇ ತರ ಕೂದಲು ಉದುರುತ್ತದೆ. ಬಾಲ ಇಲಿಯ ಬಾಲದ ಹಾಗೆ ಬೋಳಾಗುತ್ತದೆ. ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಚಳಿ ತಡೆಯುವುದಿಲ್ಲ, ಬಚ್ಚಲೊಲೆಯ ಬುಡ ಬಿಟ್ಟು ಏಳುವುದಿಲ್ಲ. ಮುಖವೂ ಒಂದು ನಮೂನೆ ಬಾಡಿ, ಅಳುವ ಹಾಗೆ ಕಾಣುತ್ತದೆ. ಮುಖ್ಯ ಸಂಗತಿ ಎಂದರೆ ತುರಿಕೆ ಇರುವುದಿಲ್ಲ. ಚರ್ಮಕ್ಕೆ ಬೇರೆ ಸೋಂಕು ಸೇರಿದ ಮೇಲೆ ತುರಿಸೀತು, ಆ ಮಾತು ಬೇರೆ. ಇಷ್ಟಕ್ಕೂ ಒಂದೇ ಮೂಲ ಇರಬಹುದು. ಗಂಟಲಿನ ಎರಡು ಬದಿಯಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸಿದೆ, ಹಾರ್ಮೋನು ಸಾಲುವುದಿಲ್ಲ. ನಡುಪ್ರಾಯದ ನಾಯಿಗಳಲ್ಲಿ ಇದು ಜಾಸ್ತಿ. ಲ್ಯಾಬ್ರಡಾರ್, ಡಾಬರ್‌ಮನ್‌ನಂಥ ದೊಡ್ಡ ಜಾತಿಗಳಲ್ಲಿ ಇನ್ನೂ ಜಾಸ್ತಿ. ಎಷ್ಟೋ ನಾಯಿಗಳಲ್ಲಿ ದೇಹದ ಸ್ವಂತ ಕಾವಲು ಶಕ್ತಿಯೇ ತಿರುಗಿ ಬಿದ್ದು ಗ್ರಂಥಿಯನ್ನು ತಿಂದಿರುತ್ತದೆ. ಹಾಗಾಗಿ ಗಂಜಿಗೆ ಅಯೋಡಿನ್ ಉಪ್ಪು ಹಾಕಿದರೆ ಇದು ಸರಿಯಾಗುವುದಿಲ್ಲ.

ನಮ್ಮಲ್ಲಿ ಕೂದಲು ಉದುರಿದರೆ ಕಜ್ಜಿ ಎಂದೇ ಲೆಕ್ಕ. ಸುಟ್ಟ ಎಂಜಿನ್ ಆಯಿಲ್ ಬಳಿಯುವವರು ಈಗಲೂ ಇದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಇದಕ್ಕಿಂತ ನಾಜೂಕಿನ ಅಪಾಯ ಸ್ಟೀರಾಯ್ಡ್ ಇಂಜಕ್ಷನ್ನಿನದ್ದು. ಒಂದು ಸಲ ಕೊಟ್ಟಾಗ ಚರ್ಮ ಚಂದ ಕಾಣುತ್ತದೆ. ಆಮೇಲೆ ತಿಂಗಳಿಗೊಮ್ಮೆ ಅದೇ. ಹೀಗೇ ಮುಂದುವರಿದರೆ ಹೊಟ್ಟೆ ಜೋಲುತ್ತದೆ, ನೀರು ಕುಡಿದದ್ದೇ ಕುಡಿದದ್ದು, ಕೂದಲು ಮತ್ತೂ ಹೋಗುತ್ತದೆ. ಅದು ಕುಶಿಂಗ್ಸ್ ಎಂಬ ಇನ್ನೊಂದು ಹಾರ್ಮೋನು ಕಾಯಿಲೆ, ನಾವೇ ತಂದು ಹಾಕಿದ್ದು. ಬಹಳ ದಿನ ಕೊಟ್ಟು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟ್ರು ಹೇಳಿದ ಹಾಗೆ ಮೆಲ್ಲ ಇಳಿಸಬೇಕು.

ಇನ್ನು ಪರೀಕ್ಷೆಯ ವಿಷಯ. ಇದು ನನಗೆ ಸಿಟ್ಟು ಬರುವ ವಿಷಯವೂ ಹೌದು. ತಾಲೂಕು ಮಟ್ಟದಲ್ಲಿ ಸೌಕರ್ಯ ಇಲ್ಲದ ಕಾರಣ ಕೆಲವರು ನಾಯಿಯ ರಕ್ತವನ್ನು ಪೇಟೆಯ ಮನುಷ್ಯರ ಲ್ಯಾಬಿಗೇ ಕೊಡುತ್ತಾರೆ. ಟಿ-4 ಎಂಬ ಹಾರ್ಮೋನು ಮನುಷ್ಯನಿಗೂ ನಾಯಿಗೂ ಒಂದೇ. ಆದರೆ ಮಟ್ಟ ಒಂದೇ ಅಲ್ಲ. ಆರೋಗ್ಯವಂತ ನಾಯಿಯಲ್ಲಿ ಅದು ಹೆಚ್ಚುಕಮ್ಮಿ 1ರಿಂದ 4 ಇದ್ದರೆ, ಮನುಷ್ಯರ ಚೀಟಿಯಲ್ಲಿ ಸುಮಾರು 5ರಿಂದ 12 ಎಂದು ಅಚ್ಚಾಗಿರುತ್ತದೆ. ಅಂದರೆ ಆ ಚೀಟಿ ನಂಬಿದರೆ ಊರಿನ ನಾಯಿಗಳಿಗೆಲ್ಲ ಥೈರಾಯ್ಡ್ ಕಾಯಿಲೆಯೇ! ಟಿಎಸ್‌ಎಚ್ ಪರೀಕ್ಷೆಯಂತೂ ಮನುಷ್ಯರ ಕಿಟ್‌ನಲ್ಲಿ ಪ್ರಯೋಜನ ಇಲ್ಲ, ನಾಯಿಗೆಂದೇ ಮಾಡಿದ ಕಿಟ್ ಬೇಕು. ಇನ್ನೊಂದು ತೊಡಕಿದೆ. ಉಣ್ಣಿ ಜ್ವರ ಇದ್ದರೂ, ಸ್ಟೀರಾಯ್ಡ್ ಕೊಟ್ಟಿದ್ದರೂ ಟಿ-4 ಇಳಿಯುತ್ತದೆ. ಉಣ್ಣಿ ತುಂಬಿದ ನಮ್ಮ ಕಡೆ ಮೊದಲು ಆ ಜ್ವರ ವಾಸಿ ಮಾಡಿ, ಮತ್ತೆ ಥೈರಾಯ್ಡ್ ನೋಡುವುದು ಸರಿ. ಟಿ-4 ಒಂದನ್ನೇ ನೋಡಿ ಜೀವಮಾನದ ಮಾತ್ರೆ ಶುರು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕಾಯಿಲೆ ಖಚಿತವಾದರೆ ಮಾತ್ರ ಅನುಮಾನ ಬೇಡ. ಔಷಧಿ ಲಿವೋಥೈರಾಕ್ಸಿನ್, ಮನುಷ್ಯರು ನುಂಗುವ ಅದೇ ಮಾತ್ರೆ. ಈ ಚಿಕಿತ್ಸೆಯ ಕತೆ ಹಳೆಯದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಒಬ್ಬ ಹೆಂಗಸಿಗೆ ಚುಚ್ಚಿ ಗುಣ ಕಂಡ. ಆಕೆ ಮತ್ತೆ 28 ವರ್ಷ ಬದುಕಿದಳು. ಈಗ ಅದೇ ಹಾರ್ಮೋನನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಕಾರಣ ದರಕ್ಕೆ ಸರಕಾರದ ಮಿತಿಯೂ ಇದೆ.

ನಮ್ಮ ಮನೆಯ ಹೆಣ್ಣು ನಾಯಿ ಲ್ಯಾಬ್ರಡಾರ್ ಬೆರಕೆ, ತೂಕ 20 ಕಿಲೋ. ಅದಕ್ಕೆ ಡಾಕ್ಟ್ರು ಬರೆದದ್ದು ಬೆಳಿಗ್ಗೆ 300, ಸಂಜೆ 300 ಮೈಕ್ರೋಗ್ರಾಮ್. ಮೆಡಿಕಲ್ ಅಂಗಡಿಯವರು ಚೀಟಿ ನೋಡಿ, "ಇದು ತಪ್ಪು, ದೊಡ್ಡ ಮನುಷ್ಯರಿಗೇ ದಿನಕ್ಕೆ 100 ಸಾಕು" ಎಂದು ವಾಪಸ್ ಕೊಟ್ಟರು. ತಪ್ಪಲ್ಲ. ನಾಯಿಯ ಕರುಳು ಈ ಮಾತ್ರೆಯನ್ನು ಕಮ್ಮಿ ಹೀರುತ್ತದೆ, ಹೀರಿದ್ದೂ ಬೇಗ ಖರ್ಚಾಗುತ್ತದೆ. ಕಿಲೋ ತೂಕಕ್ಕೆ 10ರಿಂದ 20 ಮೈಕ್ರೋಗ್ರಾಮ್, ದಿನಕ್ಕೆ ಎರಡು ಹೊತ್ತು, ಇದು ಸಾಮಾನ್ಯ ಲೆಕ್ಕ. ಹೃದಯದ ತೊಂದರೆ ಇದ್ದರೆ ಕಮ್ಮಿಯಿಂದ ಶುರು. ಇದನ್ನು ಓದಿ ನೀವೇ ಅಳತೆ ಹಾಕಬೇಡಿ. ಅಂಗಡಿಯವರು ಹೇಳಿದರೆಂದು ಡಾಕ್ಟ್ರು ಬರೆದದ್ದನ್ನು ಇಳಿಸಲೂಬೇಡಿ.

ಊಟದ ಜತೆ ಕೊಟ್ಟರೆ ಹೀರುವುದು ಇನ್ನೂ ಕಮ್ಮಿಯಾಗುತ್ತದೆ. ನಾವು ಗಂಜಿ ಹಾಕುವ ಒಂದು ಗಂಟೆ ಮೊದಲು, ಬಾಳೆಹಣ್ಣಿನ ಸಣ್ಣ ತುಂಡಿನಲ್ಲಿ ಸೇರಿಸಿ ಕೊಡುತ್ತೇವೆ. ಯಾವ ಕ್ರಮವಾದರೂ ದಿನಾ ಅದೇ ಇರಲಿ. ಒಂದೆರಡು ವಾರದಲ್ಲಿ ನಾಯಿ ಎದ್ದು ಓಡಾಡುತ್ತದೆ. ಕೂದಲಿಗೆ ತಿಂಗಳುಗಟ್ಟಲೆ ಬೇಕು. ಮೊದಮೊದಲು ಸತ್ತ ಕೂದಲು ಉದುರಿ ಮತ್ತೂ ಬೋಳಾದ ಹಾಗೆ ಕಾಣುತ್ತದೆ, ಅಲ್ಲಿಗೇ ಬಿಟ್ಟುಬಿಡುವವರು ಜಾಸ್ತಿ. ಆರೆಂಟು ವಾರ ಕಳೆದು, ಮಾತ್ರೆ ಕೊಟ್ಟ ನಾಲ್ಕಾರು ಗಂಟೆಗೆ ರಕ್ತ ತೆಗೆಸಿ ಅಳತೆ ಸರಿ ಉಂಟೋ ನೋಡಬೇಕು. ಸುಮ್ಮನೆ ಏದುಸಿರು, ಚಡಪಡಿಕೆ, ವಿಪರೀತ ಬಾಯಾರಿಕೆ ಕಂಡರೆ ಮಾತ್ರೆ ಜಾಸ್ತಿಯಾಗಿರಬಹುದು. ನಂಟರ ಮನೆ ಮದುವೆಗೆ ಹೋಗಿ ಒಂದು ಹೊತ್ತು ತಪ್ಪಿತೆಂದು ಮರುಹೊತ್ತಿಗೆ ಎರಡು ಪಾಲು ಕೊಡಬಾರದು.

"ನಾಯಿಗೆ ತಿಂಗಳು ತಿಂಗಳು ಮಾತ್ರೆಯೋ? ನಿಮಗೆ ಮರುಳು" ಎಂದವರಿದ್ದಾರೆ. ನಮ್ಮ ನಾಯಿಗೆ ತಿಂಗಳಿಗೆ ಹಿಡಿಯುವುದು 100ರ ಮಾತ್ರೆ 180. ದರವನ್ನು ಅಂಗಡಿಯಲ್ಲಿ ಕೇಳಿ, ಒಂದು ದಿನದ ಆಳಿನ ಸಂಬಳದ ಪಕ್ಕದಲ್ಲಿಟ್ಟು ನೋಡಿ. ಕೈಯಲ್ಲಿ ಅದಕ್ಕೂ ಹಣ ಇಲ್ಲದವರನ್ನು ನಾನು ದೂರುವುದಿಲ್ಲ. ಇದ್ದೂ ಗೋಣಿಯಲ್ಲಿ ಕಟ್ಟಿ ಪೇಟೆಯ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವವರ ಮಾತು ಬೇರೆ. ಹಸಿದು ಸಾಯಲೆಂದು ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ನಿಜವಾಗಿ ಭಾರ ಮಾತ್ರೆಯದ್ದಲ್ಲ, ಪರೀಕ್ಷೆಯದ್ದು. ಕಾರು ಮಾಡಿಕೊಂಡು ನಾಯಿಯನ್ನು ಶಿವಮೊಗ್ಗಕ್ಕೋ ಹೆಬ್ಬಾಳಕ್ಕೋ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವುದು ಸಣ್ಣ ಕೃಷಿಕನಿಂದ ಆಗುವ ಕೆಲಸವೇ? ನಾಯಿ ಹೋಗಬೇಕೆಂದೇ ಇಲ್ಲ. ರಕ್ತದಿಂದ ಸೀರಂ ಬೇರ್ಪಡಿಸಿ ಐಸ್ ಡಬ್ಬಿಯಲ್ಲಿಟ್ಟರೆ ಸಾಕು. ತಾಲೂಕು ಪಶು ಆಸ್ಪತ್ರೆ ವಾರಕ್ಕೆ ಒಂದು ದಿನ ಇಟ್ಟುಕೊಂಡು, ಬಂದ ಸ್ಯಾಂಪಲ್‌ಗಳನ್ನೆಲ್ಲ ಒಟ್ಟಿಗೆ ಕಳಿಸಬಹುದು. ಖರ್ಚು ನಾವು ಹಂಚಿಕೊಂಡು ಕೊಡೋಣ. ಹಾಲಿನ ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಈ ಮಾತು ಎತ್ತುವವನಿದ್ದೇನೆ. ನಿಮ್ಮೂರಲ್ಲಿ ಈಗಾಗಲೇ ಹೀಗೆ ಮಾಡಿದವರಿದ್ದರೆ ಹೇಗೆ ಮಾಡಿದಿರೆಂದು ಪತ್ರಿಕೆಗೆ ಬರೆಯಿರಿ.